ಗುರಿ ತಪ್ಪಿದ ಗುಂಡು: ಬೇಟೆಯ ಕೋವಿಯ ದೋಷನಿದಾನದ ಚರಿತ್ರೆ

1

ಬೇಟೆಯ ಕೋವಿಯಿಂದ ಹೊರಟ ಗುಂಡು ಗುರಿ ತಪ್ಪಿದಾಗ ಅದಕ್ಕೆ ಕಾರಣವೇನೆಂದು ಹುಡುಕುವ ಕ್ರಮಕ್ಕೂ ಒಂದು ಚರಿತ್ರೆಯಿದೆ. ಆಯುಧಗಳ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಬತ್ತಿಯ ಕೋವಿ, ಚಕಮಕಿ ಕೋವಿ, ಕೇಪಿನ ಕೋವಿ, ತೋಟಾ ಕೋವಿ ಎಂಬ ಅನುಕ್ರಮವನ್ನು ಹೇಳಿ ಮುಗಿಸುತ್ತಾರೆ. ಒಂದು ರೂಪ ಹಿಂದೆ ಸರಿದು ಇನ್ನೊಂದು ಮುಂದೆ ಬಂದುದರ ಹಿನ್ನೆಲೆಯಲ್ಲಿ, ಗುರಿ ತಪ್ಪಿದುದಕ್ಕೆ ಅಲ್ಲಿಯವರೆಗೆ ಎಲ್ಲರೂ ಒಪ್ಪಿಕೊಂಡಿದ್ದ ಕಾರಣವನ್ನು ಯಾರೋ ಒಬ್ಬರು ಸಂಶಯಿಸಿದ ಸಂದರ್ಭವಿರುತ್ತದೆ. ಈ ಸಂಶಯದ ಕಥೆ ನಮ್ಮ ಇತಿಹಾಸಗ್ರಂಥಗಳಲ್ಲಿ ಹೆಚ್ಚು ಗಮನಕ್ಕೆ ಬಂದಿಲ್ಲ.

ಪ್ರಸ್ತುತ ಪ್ರಬಂಧದಲ್ಲಿ ನಾವು 1742ರಿಂದ 1909ರವರೆಗಿನ ಅವಧಿಯಲ್ಲಿ ನಡೆದ ಕೆಲವು ಮುಖ್ಯ ಪ್ರಯೋಗಗಳನ್ನೂ, ಅವುಗಳಿಂದ ರೂಪುಗೊಂಡ ಪರೀಕ್ಷಾಕ್ರಮವನ್ನೂ ಪರಿಶೀಲಿಸಲು ಉದ್ದೇಶಿಸಿದ್ದೇವೆ. ಗುರಿ ತಪ್ಪಿದರೆ ಮೊದಲು ಬೇಟೆಗಾರನ ಕೈಯನ್ನು ದೂರುವುದು ಹಳೆಯ ರೂಢಿ. ಎರಡು ಶತಮಾನಗಳ ಪರಿಶ್ರಮ ಈ ರೂಢಿಯನ್ನು ತಲೆಕೆಳಗು ಮಾಡಿತು. ಕೈಯ ದೋಷವನ್ನು ಕಟ್ಟಕಡೆಗೆ, ಉಳಿದೆಲ್ಲ ಕಾರಣಗಳನ್ನು ಒಂದೊಂದಾಗಿ ಕಳೆದ ಮೇಲೆ ಮಾತ್ರ, ಹೇಳಬೇಕೆಂಬ ನಿಯಮ ನೆಲೆಗೊಂಡಿತು. ಈ ಬೆಳವಣಿಗೆಯ ಒಂದು ಮಹತ್ವದ ಘಟ್ಟ ಭಾರತದ ಕಾಡುಗಳಲ್ಲಿ ನಡೆದುದರಿಂದ ಇದು ಕೇವಲ ಪಾಶ್ಚಾತ್ಯ ತಂತ್ರಜ್ಞಾನದ ಇತಿಹಾಸವಾಗಿ ಉಳಿಯುವುದಿಲ್ಲ.

2

ಕನ್ನಡ ನಾಡಿನಲ್ಲಿ ಬೇಟೆಯ ದಾಖಲೆಗಳಿಗೆ ಕೊರತೆಯಿಲ್ಲ. ಕ್ರಿ.ಶ. 949-50ರ ಆತಕೂರು ಶಾಸನ ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತ ಸಂಗತಿಯನ್ನು ಕಲ್ಲಿನಲ್ಲಿ ಉಳಿಸಿದೆ. ಹುಲಿ, ಹಂದಿಗಳೊಡನೆ ಹೋರಾಡಿ ಮಡಿದವರ ವೀರಗಲ್ಲುಗಳು ನಾಡಿನ ಹಲವೆಡೆ ದೊರೆತಿವೆ. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಯಾವಿನೋದಕ್ಕೆ ಪ್ರತ್ಯೇಕ ಸ್ಥಾನವಿದೆ. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಬೇಟೆಯೇ ಕಥೆಯ ತಿರುವಿಗೆ ನಿಮಿತ್ತವಾಗುತ್ತದೆ. ಈ ಸಾಹಿತ್ಯದಲ್ಲಿ ಪ್ರಾಧಾನ್ಯವಿರುವುದು ಬೇಟೆಗಾರನ ಶೌರ್ಯಕ್ಕೆ, ಕೈಚಳಕಕ್ಕೆ ಮತ್ತು ದೈವದ ಒಲವಿಗೆ. ತಪ್ಪಿದ ಬಾಣದ ಹಿಂದೆ ಗರಿಯ ದೋಷವಿತ್ತೇ, ಕೋಲಿನ ಸೊಟ್ಟಿತ್ತೇ ಎಂಬ ವಿಚಾರಣೆ ಕಾವ್ಯದ ಕೆಲಸವಲ್ಲ. ಬಿಲ್ಲು ಮಾಡುವವನಿಗೆ ಆ ವಿಚಾರ ಚೆನ್ನಾಗಿ ತಿಳಿದಿರಬೇಕು, ಆದರೆ ಅವನು ಬರೆದಿಡುವವನಲ್ಲ.

ಕೋವಿ ಬಂದ ಮೇಲೂ ಪರಿಸ್ಥಿತಿ ಬಹುಕಾಲ ಹೀಗೆಯೇ ಇತ್ತು. ಮಲೆನಾಡಿನ ಹಾಗೂ ಕೊಡಗಿನ ಮನೆಗಳಲ್ಲಿದ್ದ ಹಳೆಯ ಕೋವಿ ಒಳಗೆ ನುಣುಪಾದ ನಳಿಗೆಯದು. ಬಾಯಿಯಿಂದ ಮದ್ದು ಸುರಿದು, ಗಜದಿಂದ ಜಡಿದು, ಗುಂಡನ್ನೋ ಚರೆಯನ್ನೋ ತುಂಬುವ ಈ ಕೋವಿಯಲ್ಲಿ ಗುಂಡು ನಳಿಗೆಗಿಂತ ತುಸು ಸಣ್ಣದಾಗಿರಲೇಬೇಕು, ಇಲ್ಲವಾದರೆ ಒಳಗೆ ಇಳಿಯುವುದಿಲ್ಲ. ಹೀಗೆ ಸಡಿಲವಾಗಿರುವ ಗುಂಡು ಹೊರಡುವಾಗ ನಳಿಗೆಯ ಗೋಡೆಗಳಿಗೆ ಅತ್ತಿತ್ತ ತಾಗುತ್ತದೆ. ಕೊನೆಯಲ್ಲಿ ಯಾವ ಗೋಡೆಗೆ ತಾಗಿತೋ ಅದಕ್ಕೆ ಅನುಗುಣವಾಗಿ ಅದರ ಹಾದಿ ಬೇರೆಯಾಗುತ್ತದೆ. ನೂರು ಗಜದಾಚೆಗೆ ಅದನ್ನು ನೆಚ್ಚುವಂತಿರಲಿಲ್ಲ. ಆದ್ದರಿಂದ ಬೇಟೆಗಾರ ಪ್ರಾಣಿಯ ಸಮೀಪಕ್ಕೆ ಹೋಗುತ್ತಿದ್ದ. ಅಷ್ಟು ಹತ್ತಿರದಲ್ಲಿಯೂ ತಪ್ಪಿದರೆ ದೋಷ ಅವನದೇ ಎಂದು ಜನ ತಿಳಿಯುವುದು ಸಹಜವಾಗಿತ್ತು.

ಇಲ್ಲಿ ಕೊಡಗಿನ ಕೈಲ್ ಮುಹೂರ್ತವನ್ನು ನೆನೆಯಬಹುದು. ಗದ್ದೆಯ ನಾಟಿಯ ಕೆಲಸ ಮುಗಿದ ಮೇಲೆ ಬರುವ ಈ ಹಬ್ಬದಲ್ಲಿ ಕೋವಿ, ಕತ್ತಿಗಳನ್ನು ಶುಚಿಗೊಳಿಸಿ ಪೂಜಿಸುವುದು, ತೋಕ್ ಪೂ ಎಂಬ ಹೂವನ್ನು ಕೋವಿಗೆ ಮುಡಿಸುವುದು, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುವುದು ರೂಢಿ. ಆಚರಣೆಯ ಧಾರ್ಮಿಕ ಅರ್ಥವನ್ನು ಬದಿಗಿಟ್ಟು ನೋಡಿದರೆ, ಮಳೆಗಾಲದ ತೇವವನ್ನು ಕಂಡ ಆಯುಧವನ್ನು ವರ್ಷಕ್ಕೊಮ್ಮೆ ಬಿಚ್ಚಿ, ಒರೆಸಿ, ನಿಶ್ಚಿತ ಗುರಿಗೆ ಹೊಡೆದು ನೋಡುವ ಪರೀಕ್ಷೆಯೊಂದು ಅದರೊಳಗೆ ಅಡಗಿದೆ. ಶಾಸ್ತ್ರವಾಗಿ ಬರೆಯದಿದ್ದರೂ ರೂಢಿಯಾಗಿ ಉಳಿದುಬಂದ ತಿಳಿವಳಿಕೆಗೆ ಇದು ಒಳ್ಳೆಯ ನಿದರ್ಶನ.

3

ಗುರಿ ತಪ್ಪುವುದನ್ನು ಮೊದಲ ಬಾರಿಗೆ ಗಣಿತ ಹಾಗೂ ಪ್ರಯೋಗಗಳ ವಿಷಯವನ್ನಾಗಿ ಮಾಡಿದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. 1742ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ, ತೂಗಾಡುವ ಮರದ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿ ಎಷ್ಟು ತೂಗಿತೆಂಬುದರಿಂದ ಗುಂಡಿನ ವೇಗವನ್ನು ಲೆಕ್ಕ ಹಾಕುವ ವಿಧಾನವಿದೆ. ನಮ್ಮ ವಿಷಯಕ್ಕೆ ಅದಕ್ಕಿಂತ ಮುಖ್ಯವಾದುದು ಅವನ ಇನ್ನೊಂದು ಪ್ರಯೋಗ. ಗುಂಡು ಎಡಕ್ಕೋ ಬಲಕ್ಕೋ ವಾಲುವುದು ನಳಿಗೆಯ ಸೊಟ್ಟಿನಿಂದ ಎಂದು ಹಲವರು ನಂಬಿದ್ದರು. ರಾಬಿನ್ಸ್ ಬೇಕೆಂದೇ ಒಂದು ನಳಿಗೆಯ ತುದಿಯನ್ನು ಎಡಕ್ಕೆ ಬಾಗಿಸಿದ. ಗುಂಡಿನ ಹಾದಿಯುದ್ದಕ್ಕೂ ತೆಳುವಾದ ಕಾಗದದ ಪರದೆಗಳನ್ನು ನಿಲ್ಲಿಸಿ, ಅವುಗಳಲ್ಲಿ ಬಿದ್ದ ರಂಧ್ರಗಳಿಂದ ಆ ಹಾದಿಯನ್ನು ಗುರುತಿಸಿದ. ಗುಂಡು ಮೊದಲು ಎಡಕ್ಕೆ ಸಾಗಿ, ಆಮೇಲೆ ಬಲಕ್ಕೆ ತಿರುಗಿತು. ಬಾಗಿದ ನಳಿಗೆಯ ಬಲಗೋಡೆಗೆ ಉಜ್ಜಿಕೊಂಡು ಹೊರಟ ಗುಂಡು ತಿರುಗುತ್ತ ಸಾಗುತ್ತಿತ್ತು. ಹಾಗೆ ತಿರುಗುವ ಗುಂಡನ್ನು ಗಾಳಿ ಪಕ್ಕಕ್ಕೆ ತಳ್ಳುತ್ತಿತ್ತು. ಸೊಟ್ಟು ನಳಿಗೆಯೇ ಕಾರಣವಾಗಿದ್ದರೆ ಗುಂಡು ಎಡಕ್ಕೇ ಹೋಗಬೇಕಿತ್ತು.

ಗುಂಡು ತಿರುಗುವುದೇ ದೋಷಕ್ಕೆ ಮೂಲವಾದರೆ, ಆ ತಿರುಗುವಿಕೆಯನ್ನು ನಿಶ್ಚಿತ ದಿಕ್ಕಿನಲ್ಲಿ ಹಿಡಿದಿಡುವುದೇ ಪರಿಹಾರ. ನಳಿಗೆಯ ಒಳಗೆ ತಿರುಪಿನಾಕಾರದ ಗೀರುಗಳನ್ನು ಕೊರೆದ ರೈಫಲ್ ಯೂರೋಪಿನಲ್ಲಿ ಆಗಲೇ ಇತ್ತು, ಬೇಟೆಗಾರರು ಅದನ್ನು ಬಳಸುತ್ತಿದ್ದರು. ಅದು ಏಕೆ ಗುರಿ ತಪ್ಪುವುದಿಲ್ಲ ಎಂಬುದಕ್ಕೆ ಕಾರಣವನ್ನು ರಾಬಿನ್ಸ್ 1747ರಲ್ಲಿ ರಾಯಲ್ ಸೊಸೈಟಿಯ ಮುಂದೆ ವಿವರಿಸಿದ. ಗುಂಡು ತಾನು ಸಾಗುವ ದಿಕ್ಕನ್ನೇ ಅಕ್ಷವಾಗಿ ಮಾಡಿಕೊಂಡು ತಿರುಗಿದರೆ ಗಾಳಿಯ ಒತ್ತಡ ಎಲ್ಲ ಕಡೆಗಳಲ್ಲಿಯೂ ಸಮನಾಗುತ್ತದೆ.

ಇದೇ ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಬಲಪಡಿಸುವ ಇಂಜಿನಿಯರಾಗಿ ಭಾರತಕ್ಕೆ ಬಂದು, 1751ರಲ್ಲಿ ಕಡಲೂರಿನ ಸಮೀಪದ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ತಮಿಳುನಾಡಿನಲ್ಲಿರುವ ನಮ್ಮ ಓದುಗರಿಗೆ ಪರಿಚಿತವಾದ ಆ ಸ್ಥಳಕ್ಕೂ ರೈಫಲಿನ ಶಾಸ್ತ್ರಕ್ಕೂ ಹೀಗೊಂದು ಸಂಬಂಧವಿದೆ.

4

ಮುಂದಿನ ನೂರು ವರ್ಷಗಳಲ್ಲಿ ಗೀರುಗಳುಳ್ಳ ನಳಿಗೆ ಸೈನ್ಯಕ್ಕೂ ಬೇಟೆಗೂ ಸಾಮಾನ್ಯವಾಯಿತು. ಪರಿಹಾರವೇ ಹೊಸ ದೋಷಕ್ಕೆ ದಾರಿಮಾಡಿದ ಸಂಗತಿ ಇಲ್ಲಿ ಗಮನಾರ್ಹ. ಗೀರುಗಳು ಎಷ್ಟು ಬಿಗಿಯಾಗಿ ಸುತ್ತಬೇಕು, ಎಷ್ಟು ಉದ್ದಕ್ಕೆ ಒಂದು ಸುತ್ತು ಇರಬೇಕು ಎಂಬುದು ವಿವಾದದ ವಿಷಯವಾಯಿತು.

ಮ್ಯಾಂಚೆಸ್ಟರಿನ ಯಂತ್ರನಿರ್ಮಾಪಕ ಜೋಸೆಫ್ ವಿಟ್‌ವರ್ತ್ 20 ಅಂಗುಲಕ್ಕೆ ಒಂದು ಸುತ್ತು ತಿರುಗುವ, ಆರು ಮುಖಗಳ ನಳಿಗೆಯನ್ನು ರೂಪಿಸಿದ. ಬ್ರಿಟಿಷ್ ಸೈನ್ಯದ 1853ರ ಎನ್‌ಫೀಲ್ಡ್ ರೈಫಲಿನಲ್ಲಿ 78 ಅಂಗುಲಕ್ಕೆ ಒಂದು ಸುತ್ತಿತ್ತು. 1857ರ ಪರೀಕ್ಷೆಯಲ್ಲಿ 500 ಗಜದ ದೂರಕ್ಕೆ ವಿಟ್‌ವರ್ತ್ ರೈಫಲಿನ ಸರಾಸರಿ ವಿಚಲನೆ 0.37 ಅಡಿ, ಎನ್‌ಫೀಲ್ಡಿನದು 2.24 ಅಡಿ. ಗುಂಡು ಹೊಡೆಯುವವನ ಕೈಯನ್ನು ಕೋವಿಯಿಂದ ಬೇರ್ಪಡಿಸಿದ ಪ್ರಸಿದ್ಧ ಪ್ರದರ್ಶನವೂ ವಿಟ್‌ವರ್ತನ ರೈಫಲಿನಿಂದಲೇ ನಡೆಯಿತು. 1860ರಲ್ಲಿ ವಿಂಬಲ್ಡನ್ನಿನಲ್ಲಿ ರೈಫಲನ್ನು ಒಂದು ಯಾಂತ್ರಿಕ ಆಸರೆಗೆ ಬಿಗಿದು ಗುರಿಗೆ ಹೊಂದಿಸಿಡಲಾಗಿತ್ತು. ವಿಕ್ಟೋರಿಯಾ ರಾಣಿ ಅದರ ಕುದುರೆಗೆ ಕಟ್ಟಿದ್ದ ರೇಷ್ಮೆಯ ಹುರಿಯನ್ನು ಎಳೆದಾಗ ಗುಂಡು 400 ಗಜದಾಚೆಯ ಗುರಿಯ ಮಧ್ಯಬಿಂದುವಿನಿಂದ ಒಂದೂಕಾಲು ಅಂಗುಲದಲ್ಲಿ ಬಿತ್ತು. ಅದು ಸಮಾರಂಭವಾಗಿತ್ತು, ನಿಜ. ಆದರೆ ಬಂದೂಕುಗಾರಿಕೆಯ ಅಭ್ಯಾಸವಿಲ್ಲದ ಕೈಯಿಂದಲೂ ಇಂಥ ಹೊಡೆತ ಸಾಧ್ಯವಾದುದು, ನಿಖರತೆ ಕೈಯ ಗುಣ ಮಾತ್ರವಲ್ಲ, ಆಯುಧದ ಗುಣವೂ ಹೌದೆಂಬುದನ್ನು ಎಲ್ಲರ ಕಣ್ಣಿಗೆ ಕಾಣುವಂತೆ ಮಾಡಿತು.

ಬಯಲಿನ ಪರೀಕ್ಷೆಯಲ್ಲಿ ಗೆದ್ದುದು ಕಾಡಿನಲ್ಲಿಯೂ ಗೆಲ್ಲಬೇಕೆಂದಿಲ್ಲ. ಇದನ್ನು ತೋರಿಸಿಕೊಟ್ಟವರು ಭಾರತದಲ್ಲಿದ್ದ ಅಧಿಕಾರಿಗಳು. ಸಿಂಧ್ ಪ್ರಾಂತದಲ್ಲಿ ಜಾನ್ ಜೇಕಬ್ ನಾಲ್ಕು ಗೀರುಗಳ ನಳಿಗೆಯನ್ನೂ, ಆ ಗೀರುಗಳಲ್ಲಿ ಕೂರುವ ಉಬ್ಬುಗಳಿದ್ದ ಗುಂಡನ್ನೂ ವರ್ಷಗಟ್ಟಲೆ ಪ್ರಯೋಗಿಸಿದ. ಅವನ ಹೆಸರನ್ನೇ ಹೊತ್ತ ಜೇಕಬಾಬಾದಿನಲ್ಲಿ 1858ರಲ್ಲಿ ಅವನು ತೀರಿಕೊಂಡ. ಅವನ ದೃಷ್ಟಿ ಬಹುದೂರದ ಹೊಡೆತದ ಮೇಲಿತ್ತು. ಅದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ಆಲೋಚಿಸಿದವನು ಮಧ್ಯಪ್ರಾಂತದಲ್ಲಿ ಕೆಲಸ ಮಾಡಿದ ಜೇಮ್ಸ್ ಫೋರ್ಸೈತ್. ಮಧ್ಯಭಾರತದ ಕಾಡುಗಳ ಬಗೆಗೆ 1871ರಲ್ಲಿ ಪ್ರಕಟವಾದ ಗ್ರಂಥದಿಂದ ಅವನ ಹೆಸರು ಹೆಚ್ಚು ಪರಿಚಿತ. ಅದಕ್ಕೂ ಮೊದಲೇ, 1860ರ ದಶಕದ ಆರಂಭದಲ್ಲಿ, ಅವನು ಬೇಟೆಯ ರೈಫಲ್ ಮತ್ತು ಅದರ ಗುಂಡುಗಳನ್ನು ಕುರಿತು ಪ್ರತ್ಯೇಕ ಪುಸ್ತಕವನ್ನು ಬರೆದಿದ್ದ.

5

ಫೋರ್ಸೈತನ ವಿಚಾರಸರಣಿಯನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯ. ಕಾಡಿನಲ್ಲಿ ಪ್ರಾಣಿ ಕಂಡಾಗ ಅದು 100 ಗಜದಲ್ಲಿದೆಯೋ 150 ಗಜದಲ್ಲಿದೆಯೋ ಎಂದು ಅಳೆಯಲು ಸಮಯವಿಲ್ಲ. ಕಣ್ಣಳತೆಯೂ ಅಲ್ಲಿ ಮೋಸಹೋಗುತ್ತದೆ. ಗುಂಡು ಹೊರಟ ಕ್ಷಣದಿಂದಲೇ ಕೆಳಕ್ಕೆ ಬೀಳತೊಡಗುವುದರಿಂದ ದೂರದ ಅಂದಾಜು ತಪ್ಪಿದರೆ ಹೊಡೆತವೂ ತಪ್ಪುತ್ತದೆ. ಗಾಳಿಯ ತಡೆಯನ್ನು ಬದಿಗಿಟ್ಟು ಸರಳವಾಗಿ ಲೆಕ್ಕ ಹಾಕೋಣ. ಸೆಕೆಂಡಿಗೆ 1200 ಅಡಿ ವೇಗದ ಗುಂಡು 100 ಗಜವನ್ನು ಕಾಲು ಸೆಕೆಂಡಿನಲ್ಲಿ ದಾಟಿ 1 ಅಡಿ ಬೀಳುತ್ತದೆ. 150 ಗಜವನ್ನು ದಾಟುವ ಹೊತ್ತಿಗೆ ಬಿದ್ದಿರುವುದು 2.25 ಅಡಿ. ಕೋವಿಯನ್ನು 100 ಗಜಕ್ಕೆ ಹೊಂದಿಸಿಟ್ಟುಕೊಂಡವನು 150 ಗಜದ ಪ್ರಾಣಿಗೆ ಹೊಡೆದರೆ ಗುಂಡು ಸುಮಾರು 9 ಅಂಗುಲ ಕೆಳಗೆ ತಾಗುತ್ತದೆ. ವೇಗವನ್ನು 1600 ಅಡಿಗೆ ಏರಿಸಿದರೆ ಈ ಅಂತರ ಸುಮಾರು 5 ಅಂಗುಲಕ್ಕೆ ಇಳಿಯುತ್ತದೆ. ಜಿಂಕೆಯ ಎದೆಗೂ ಕಾಲಿಗೂ ಇರುವ ವ್ಯತ್ಯಾಸ ಇಷ್ಟರಲ್ಲಿಯೇ ಇದೆ.

ಹಾಗಾದರೆ ಮದ್ದನ್ನು ಹೆಚ್ಚಿಸಿದರೆ ಸಾಕಲ್ಲವೆ? ಬೇಟೆಗಾರರು ಹೀಗೆ ಮಾಡಿದಾಗಲೇ ರೈಫಲ್ ಇನ್ನಷ್ಟು ಗುರಿ ತಪ್ಪತೊಡಗಿತು. ಗೀರುಗಳು ಬಿಗಿಯಾಗಿ ಸುತ್ತುವ ನಳಿಗೆಯಲ್ಲಿ, ಹೆಚ್ಚಿದ ಮದ್ದಿನ ನೂಕಿಗೆ ಸಿಕ್ಕಿದ ಮೆತ್ತನೆಯ ಸೀಸದ ಗುಂಡು ಗೀರುಗಳನ್ನು ಅನುಸರಿಸಲಾರದೆ ಅವುಗಳ ಮೇಲೆ ಹಾರಿ ನೇರವಾಗಿ ಹೊರಟುಬಿಡುತ್ತದೆ. ಆಗ ಅದು ತಿರುಗುವುದೇ ಇಲ್ಲ, ಇಲ್ಲವೆ ಅಡ್ಡಾದಿಡ್ಡಿಯಾಗಿ ತಿರುಗುತ್ತದೆ. ರೈಫಲ್ ಹಳೆಯ ನುಣುಪು ಕೋವಿಗಿಂತ ಕೀಳಾಗುತ್ತದೆ. ಉದ್ದನೆಯ ಗುಂಡು ಬುಡಮೇಲಾಗದಂತೆ ಸಾಗಲು ಬಿಗಿಯಾದ ಸುತ್ತು ಬೇಕು, ಉರುಟು ಗುಂಡಿಗೆ ಅಷ್ಟು ಬೇಡ ಎಂಬುದನ್ನು ಫೋರ್ಸೈತ್ ಹಿಡಿದುಕೊಂಡ. ಸುತ್ತನ್ನು 104 ಅಂಗುಲಕ್ಕೆ ಒಂದರಷ್ಟು ನಿಧಾನಗೊಳಿಸಿದರೆ, ಅಂದರೆ 26 ಅಂಗುಲದ ನಳಿಗೆಯಲ್ಲಿ ಗುಂಡು ಬರಿಯ ಕಾಲು ಸುತ್ತು ತಿರುಗಿದರೆ, ಮದ್ದನ್ನು ಎಷ್ಟು ಹೆಚ್ಚಿಸಿದರೂ ಗುಂಡು ಗೀರುಗಳನ್ನು ಬಿಡುವುದಿಲ್ಲ. 20, 78, 104 ಎಂಬ ಮೂರು ಅಂಕಿಗಳಲ್ಲಿ ಮೂರು ಬೇರೆ ಬೇರೆ ಉದ್ದೇಶಗಳ ಇತಿಹಾಸವಿದೆ. ಗುಂಡಿನ ಉದ್ದಕ್ಕೂ ಸುತ್ತಿನ ಬಿಗಿಗೂ ಇರುವ ಸಂಬಂಧವನ್ನು 1879ರಲ್ಲಿ ವೂಲಿಚ್‌ನ ಗಣಿತಜ್ಞ ಗ್ರೀನ್‌ಹಿಲ್ ಒಂದು ಸರಳ ಸೂತ್ರದಲ್ಲಿ ನಿರೂಪಿಸಿದ.

ಫೋರ್ಸೈತನ ಪರಿಹಾರ ಬಹುಕಾಲ ಉಳಿಯಲಿಲ್ಲ. ಹಿಂದಿನಿಂದ ತೋಟಾ ತುಂಬುವ ಕೋವಿಗಳೂ, ಹಗುರಾದ ಗುಂಡನ್ನು ಹೆಚ್ಚು ಮದ್ದಿನಿಂದ ನೂಕುವ ಎಕ್ಸ್‌ಪ್ರೆಸ್ ರೈಫಲುಗಳೂ, ಆಮೇಲೆ ಹೊಗೆಯಿಲ್ಲದ ಮದ್ದೂ ಬಂದವು. ಆದರೆ ಅವನು ಕೇಳಿದ ಪ್ರಶ್ನೆ ಉಳಿಯಿತು. ಹೊಡೆತ ತಪ್ಪಿದಾಗ ಅದು ಕೈಯ ದೋಷವೋ, ದೂರದ ಅಂದಾಜಿನ ದೋಷವೋ, ಗುಂಡು ಗೀರನ್ನು ಬಿಟ್ಟ ದೋಷವೋ ಎಂದು ಮೂರನ್ನು ಬಿಡಿಸಿ ನೋಡಿದುದರಲ್ಲಿಯೇ ಅವನ ಮಹತ್ವವಿದೆ.

6

ಈ ಬಿಡಿಸಿ ನೋಡುವ ಕೆಲಸವನ್ನು ಅತ್ಯಂತ ದೂರಕ್ಕೆ ಒಯ್ದವನು ಅಮೆರಿಕದ ಮ್ಯಾಸಚೂಸೆಟ್ಸಿನ ಫ್ರಾಂಕ್ಲಿನ್ ಮ್ಯಾನ್. ವೈದ್ಯಕೀಯ ಪದವಿಯನ್ನು ಪಡೆದಿದ್ದ ಇವನು ಕೋಳಿಗಳ ಆಹಾರಕ್ಕಾಗಿ ಹಸಿಯೆಲುಬನ್ನು ಕತ್ತರಿಸುವ ಯಂತ್ರವನ್ನು ರೂಪಿಸಿ ಹಣ ಗಳಿಸಿದ, ಗಳಿಸಿದ ಹಣವನ್ನೂ ಬಿಡುವನ್ನೂ ರೈಫಲಿನ ಪ್ರಯೋಗಗಳಿಗೆ ವಿನಿಯೋಗಿಸಿದ. ಅವನ ಗ್ರಂಥ 1909ರಲ್ಲಿ ಪ್ರಕಟವಾಯಿತು.

ಮ್ಯಾನ್ ಮೊದಲು ಮಾಡಿದ್ದು ತನ್ನ ಕೈಯನ್ನು ಪ್ರಯೋಗದಿಂದ ಹೊರಗಿಟ್ಟದ್ದು. ನೆಲದಲ್ಲಿ ಭದ್ರವಾಗಿ ಕಟ್ಟಿದ ಕಾಂಕ್ರೀಟಿನ ಪೀಠದ ಮೇಲೆ ನಳಿಗೆಯನ್ನು ಕೂರಿಸಿ ಹೊಡೆದ. ಆ ಪೀಠಕ್ಕೆ ಜಿಬ್ರಾಲ್ಟರ್ ಬಂಡೆಯ ಹೆಸರನ್ನಿಟ್ಟಿದ್ದ. ಹಾಗೆ ಹೊಡೆದರೂ ಗುಂಡುಗಳು ಒಂದೇ ರಂಧ್ರದಲ್ಲಿ ಹೋಗಲಿಲ್ಲ. ಉಳಿದ ಈ ವ್ಯತ್ಯಾಸಕ್ಕೆ ಅವನು ಬೀಜಗಣಿತದ ರೀತಿಯಲ್ಲಿ ಎಕ್ಸ್ ದೋಷವೆಂದು ಹೆಸರಿಟ್ಟು ಅದನ್ನು ಬೆನ್ನಟ್ಟಿದ. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸುವುದು, ಉಳಿದುದೆಲ್ಲವನ್ನೂ ಹಾಗೆಯೇ ಇಡುವುದು ಅವನ ಕಟ್ಟುನಿಟ್ಟಿನ ನಿಯಮ.

ಅವನ ಪ್ರಯೋಗಗಳಲ್ಲಿ ಪ್ರಸಿದ್ಧವಾದುದು ಗುಂಡುಗಳನ್ನು ಬೇಕೆಂದೇ ಕೆಡಿಸಿ ಹೊಡೆದುದು. ಗುಂಡಿನ ಮೂತಿ ಕೆಟ್ಟರೆ ಅದು ದಾರಿ ತಪ್ಪುತ್ತದೆಂದು ಎಲ್ಲರೂ ತಿಳಿದಿದ್ದರು. ಗಾಳಿಯನ್ನು ಸೀಳಿಕೊಂಡು ಹೋಗುವ ಭಾಗ ಅದೇ ತಾನೆ? ಮ್ಯಾನ್ ಕೆಲವು ಗುಂಡುಗಳ ಮೂತಿಯನ್ನು ಕತ್ತರಿಸಿದ, ಕೆಲವುಗಳ ಬುಡವನ್ನು ಕತ್ತರಿಸಿದ. ಮೂತಿ ಕೆಟ್ಟ ಗುಂಡುಗಳು ಸ್ವಲ್ಪವೇ ವಾಲಿದವು. ಬುಡ ಕೆಟ್ಟವು ಬಹಳ ದೂರ ಚೆದರಿದವು. ಗುಂಡಿನ ಬುಡ ನಳಿಗೆಯ ಬಾಯನ್ನು ಬಿಡುವ ಆ ಒಂದು ಕ್ಷಣದಲ್ಲಿ, ಹಿಂದಿನಿಂದ ನೂಕುತ್ತಿರುವ ಅನಿಲ ಎಲ್ಲ ಕಡೆಗಳಿಂದಲೂ ಸಮನಾಗಿ ಹೊರಬೀಳಬೇಕು. ಬುಡ ಒಂದೆಡೆ ತಗ್ಗಾಗಿದ್ದರೆ ಅನಿಲ ಅಲ್ಲಿ ಮೊದಲು ನುಗ್ಗಿ ಗುಂಡನ್ನು ಓರೆಮಾಡುತ್ತದೆ. ನಳಿಗೆಯ ಬಾಯಿಯಂಚಿನಲ್ಲಿ ಗಾಯವಾಗಿದ್ದರೂ ಫಲ ಇದೇ. ರಾಬಿನ್ಸನಂತೆಯೇ ಮ್ಯಾನ್ ಕೂಡ ಸಾಲಾಗಿ ಕಾಗದದ ಪರದೆಗಳನ್ನು ನಿಲ್ಲಿಸಿ, ರಂಧ್ರಗಳು ಉರುಟಾಗಿವೆಯೋ ಓರೆಯಾಗಿವೆಯೋ ಎಂಬುದರಿಂದ ಗುಂಡಿನ ನಡೆಯನ್ನು ಓದಿದ. ತೂಕ ಒಂದು ಪಕ್ಕಕ್ಕೆ ಹೆಚ್ಚಾದ ಗುಂಡು ನಳಿಗೆಯೊಳಗೆ ಬಲವಂತವಾಗಿ ನಳಿಗೆಯ ನಡುವನ್ನೇ ಅಕ್ಷವಾಗಿ ಮಾಡಿಕೊಂಡು ತಿರುಗಿ, ಬಿಡುಗಡೆಯಾದೊಡನೆ ತನ್ನ ತೂಕದ ನಡುವನ್ನು ಅನುಸರಿಸಿ ಪಕ್ಕಕ್ಕೆ ಸಿಡಿಯುತ್ತದೆಂಬುದೂ ಸ್ಪಷ್ಟವಾಯಿತು.

7

ಈ ಪ್ರಯೋಗಗಳ ಫಲವಾಗಿ ಇಪ್ಪತ್ತನೆಯ ಶತಮಾನದಲ್ಲಿ ದೋಷನಿದಾನಕ್ಕೆ ಒಂದು ಕ್ರಮ ದೊರೆಯಿತು. ಗ್ರಂಥಸಂಪಾದನೆಯ ಅಭ್ಯಾಸವಿರುವವರಿಗೆ ಈ ಕ್ರಮ ಅಪರಿಚಿತವೆನಿಸಲಾರದು. ಒಂದೇ ಓಲೆಪ್ರತಿಯನ್ನು ನೋಡಿ ಪಾಠವನ್ನು ನಿರ್ಣಯಿಸುವಂತಿಲ್ಲ. ಹಲವು ಪ್ರತಿಗಳಲ್ಲಿ ಒಂದೇ ತಪ್ಪು ಕಂಡರೆ ಅವುಗಳಿಗೆ ಸಮಾನವಾದ ಮೂಲವೊಂದರಲ್ಲಿ ದೋಷವಿದೆಯೆಂದು ಊಹಿಸುತ್ತೇವೆ. ತಪ್ಪುಗಳು ಒಂದೊಂದರಲ್ಲಿ ಒಂದೊಂದು ಬಗೆಯಾದರೆ ಅವು ಬಿಡಿಬಿಡಿಯಾಗಿ ನುಸುಳಿದವು. ಒಂದು ಹೊಡೆತದಿಂದಲೂ ಅದೇ ರೀತಿ ಏನೂ ತಿಳಿಯುವುದಿಲ್ಲ. ಆಸರೆಯ ಮೇಲಿಟ್ಟು ಐದಾರು ಗುಂಡುಗಳನ್ನು ಹೊಡೆದಾಗ ಎಲ್ಲವೂ ಒತ್ತೊತ್ತಾಗಿ ಒಂದೇ ಕಡೆ, ಆದರೆ ಗುರಿಯಿಂದ ಆಚೆಗೆ ಬಿದ್ದರೆ, ನಳಿಗೆಯಲ್ಲಿಯೂ ಗುಂಡಿನಲ್ಲಿಯೂ ದೋಷವಿಲ್ಲ. ಗುರಿ ಹಿಡಿಯುವ ಮೊನೆಯನ್ನೋ ದುರ್ಬೀನನ್ನೋ ಸರಿಪಡಿಸಿದರೆ ಸಾಕು. ಗುಂಡುಗಳು ಚೆದರಿ ಬಿದ್ದರೆ ಮೊನೆಯನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಎಲ್ಲಿಯೋ ಸಡಿಲವಿದೆ, ಅದನ್ನು ಹುಡುಕಬೇಕು.

ಹುಡುಕಾಟ ಸುಲಭವಾದುದರಿಂದ ಆರಂಭವಾಗುತ್ತದೆ. ದುರ್ಬೀನನ್ನು ಹಿಡಿದಿರುವ ತಿರುಪುಗಳು, ನಳಿಗೆಯನ್ನು ಮರಕ್ಕೆ ಬಿಗಿದಿರುವ ತಿರುಪುಗಳು ಸಡಿಲವಾಗಿಲ್ಲವೆಂದು ಮೊದಲು ನೋಡಬೇಕು. ಎರಡನೆಯದು ಮರ. ಉಕ್ಕು ತೇವಕ್ಕೆ ಹಿಗ್ಗುವುದಿಲ್ಲ, ಮರ ಹಿಗ್ಗುತ್ತದೆ. ಬೇಸಿಗೆಯಲ್ಲಿ ಸರಿಯಾಗಿದ್ದ ರೈಫಲ್ ಮಳೆಗಾಲದಲ್ಲಿ ಬೇರೆ ಕಡೆಗೆ ಹೊಡೆದರೆ, ಹಿಗ್ಗಿದ ಮರ ನಳಿಗೆಯನ್ನು ಒಂದು ಪಕ್ಕದಿಂದ ಒತ್ತುತ್ತಿರುವ ಸಂಭವ ಹೆಚ್ಚು. ತಣ್ಣಗಿದ್ದಾಗ ಸರಿಯಾಗಿ ಹೊಡೆದು, ಕಾದಂತೆಲ್ಲ ಗುಂಡುಗಳು ಒಂದೇ ದಿಕ್ಕಿಗೆ ಸರಿಯುತ್ತ ಹೋದರೂ ಇದೇ ಸಂಶಯ. ಪಶ್ಚಿಮ ಬಂಗಾಳದ ಇಛಾಪುರದ ಕಾರ್ಖಾನೆಯಲ್ಲಿ ತಯಾರಾದ ಲೀ-ಎನ್‌ಫೀಲ್ಡ್ ರೈಫಲುಗಳಲ್ಲಿ ಮುಂಭಾಗದ ಮರ ಸೀಳದಿರಲೆಂದು ಅಡ್ಡಲಾಗಿ ಒಂದು ಹೆಚ್ಚಿನ ತಿರುಪನ್ನು ಹಾಕಲಾಯಿತು. ಆಸ್ಟ್ರೇಲಿಯಾದಲ್ಲಿ ಮೆತ್ತನೆಯ ಮರವನ್ನು ಬಳಸಿದಾಗ ಹಿನ್ನೂಕು ತಾಗುವೆಡೆಯಲ್ಲಿ ತಾಮ್ರದ ತಗಡನ್ನು ಕೂರಿಸಿದರು. ಲೋಹ ಮತ್ತು ಮರ ಕೂಡುವೆಡೆಯಲ್ಲಿಯೇ ದೋಷ ನೆಲೆಸುತ್ತದೆಂಬ ಅನುಭವ ಈ ಎರಡರ ಹಿಂದೆಯೂ ಇದೆ.

ಮೂರನೆಯದು ನಳಿಗೆಯ ಬಾಯಿ ಮತ್ತು ಒಳಮೈ. ಶುಚಿಗೊಳಿಸುವ ಸಲಾಕೆಯನ್ನು ಬಾಯಿಯಿಂದ ತೂರಿಸುವವರು ಬಾಯಿಯಂಚನ್ನು ತಮಗರಿವಿಲ್ಲದೆ ಸವೆಸುತ್ತಾರೆ. ಸೈನ್ಯದಲ್ಲಿ ಹುರಿಯನ್ನು ಎಳೆದು ಒರೆಸುತ್ತಿದ್ದಾಗ, ಹುರಿ ಓರೆಯಾಗಿ ಉಜ್ಜಿದ ಕಡೆಯೂ ಸವೆದುದುಂಟು. ಹಳೆಯ ಕೇಪುಗಳಲ್ಲಿದ್ದ ರಾಸಾಯನಿಕ ಉರಿದ ಮೇಲೆ ಅಡುಗೆಯ ಉಪ್ಪಿನಂಥ ಲವಣವೊಂದು ನಳಿಗೆಯಲ್ಲಿ ಉಳಿದು ಗಾಳಿಯ ತೇವವನ್ನು ಹೀರುತ್ತಿತ್ತು. ಎಣ್ಣೆ ಹಚ್ಚಿದರೆ ಲವಣ ಹೋಗುವುದಿಲ್ಲ, ಬಿಸಿನೀರು ಹೊಯ್ದು ತೊಳೆಯಲೇಬೇಕು. ಇದನ್ನರಿಯದೆ ಎಣ್ಣೆ ಹಚ್ಚಿ ತೆಗೆದಿಟ್ಟ ರೈಫಲ್ ಒಂದೇ ಮಳೆಗಾಲದಲ್ಲಿ ಒಳಗೆ ತುಕ್ಕು ಹಿಡಿದು ಗುರಿ ಕಳೆದುಕೊಳ್ಳುತ್ತಿತ್ತು. ಮೊದಲ ಬಗೆಯ ಕಾರ್ಡೈಟ್ ಮದ್ದಿನಲ್ಲಿ ನೈಟ್ರೋಗ್ಲಿಸರಿನ್ ಶೇಕಡಾ 58ರಷ್ಟಿದ್ದು, ಅದರ ಉರಿಗೆ ನಳಿಗೆಯ ಹಿಂಭಾಗ ಬೇಗ ಸವೆಯುತ್ತಿತ್ತು. ಆಮೇಲೆ ಅದನ್ನು ಶೇಕಡಾ 30ಕ್ಕೆ ಇಳಿಸಿದರು.

ನಾಲ್ಕನೆಯದು ತೋಟಾ. ಬಿಸಿಲಿನಲ್ಲಿ ಕಾದ ಕಾರ್ಡೈಟ್ ಹೆಚ್ಚು ಒತ್ತಡವನ್ನು ಹುಟ್ಟಿಸುವುದರಿಂದ ಬ್ರಿಟಿಷ್ ತಯಾರಕರು ಉಷ್ಣದೇಶಗಳಿಗೆಂದೇ ಮದ್ದನ್ನು ತುಸು ಕಡಿಮೆ ಮಾಡಿದ ತೋಟಾಗಳನ್ನು ಕಳಿಸುತ್ತಿದ್ದರು. ಜೋಡಿ ನಳಿಗೆಯ ರೈಫಲುಗಳಲ್ಲಿ ಇದು ಇನ್ನೂ ಸೂಕ್ಷ್ಮ. ಎರಡು ನಳಿಗೆಗಳನ್ನು ಒಂದೇ ಬಿಂದುವಿಗೆ ಹೊಡೆಯುವಂತೆ ಒಂದು ನಿಶ್ಚಿತ ತೋಟಾಕ್ಕೆ ಅನುಗುಣವಾಗಿ ಬೆಸೆದಿರುತ್ತಾರೆ. ಬೇರೆ ತೋಟಾ ಹಾಕಿದರೆ ಒಂದು ನಳಿಗೆ ಎಡಕ್ಕೂ ಇನ್ನೊಂದು ಬಲಕ್ಕೂ ಹೊಡೆಯುತ್ತದೆ.

ಇಷ್ಟೆಲ್ಲ ಮುಗಿದ ಮೇಲೆ ಕೈ. ಹಿನ್ನೂಕಿನ ಹೆದರಿಕೆಯಿಂದ ಕುದುರೆ ಎಳೆಯುವ ಮೊದಲೇ ಮೈ ಬೆದರುವುದು ಸಾಮಾನ್ಯ. ಹೊಡೆಯುವವನಿಗೆ ತಿಳಿಯದಂತೆ ನಡುವೆ ಒಂದು ಖಾಲಿ ತೋಟಾವನ್ನು ಸೇರಿಸಿದರೆ, ಸದ್ದಾಗದಿದ್ದರೂ ನಳಿಗೆ ತೂಗುವುದು ಕಣ್ಣಿಗೆ ಕಾಣುತ್ತದೆ. ಕೈಯಲ್ಲಿ ದೋಷವೇ ಇಲ್ಲವೆಂದು ಯಾರೂ ಹೇಳಲಿಲ್ಲ. ಕೈಯ ಮೇಲಿನ ಆರೋಪಕ್ಕೂ ಸಾಕ್ಷ್ಯ ಬೇಕು ಎಂದಷ್ಟೇ ಹೇಳಿದರು. ಲಿಪಿಕಾರರ ತಪ್ಪುಗಳನ್ನು ಕಳೆಯದೆ ಕವಿಯ ಮೇಲೆ ದೋಷ ಹೊರಿಸಬಾರದೆಂಬ ನಮ್ಮ ನಿಯಮವೂ ಇದೇ ಬಗೆಯದು.

8

ಕಾಗದದ ಗುರಿ ತಪ್ಪಿದರೆ ನಷ್ಟ ಅಲ್ಪ. ಕಾಡಿನಲ್ಲಿ ತಪ್ಪಿದ ಗುಂಡು ಬಹುಶಃ ಪ್ರಾಣಿಯನ್ನು ಗಾಯಗೊಳಿಸಿಯೇ ಬಿಡುತ್ತದೆ. ಜಿಮ್ ಕಾರ್ಬೆಟ್ 1907ರಲ್ಲಿ ಕೊಂದ ಚಂಪಾವತದ ಹೆಣ್ಣುಹುಲಿ 436 ಜನರನ್ನು ಬಲಿ ತೆಗೆದುಕೊಂಡಿತ್ತೆಂದು ಲೆಕ್ಕ. ಅದರ ಬಲಪಕ್ಕದ ಮೇಲಿನ ಕೋರೆಹಲ್ಲು ಅರ್ಧಕ್ಕೂ, ಕೆಳಗಿನದು ಎಲುಬಿನವರೆಗೂ ಮುರಿದಿದ್ದವು. ಹಿಂದೆಂದೋ ಬಿದ್ದ ಗುಂಡಿನ ಪೆಟ್ಟೇ ಅದಕ್ಕೆ ಕಾರಣವೆಂದೂ, ಸಹಜವಾದ ಬೇಟೆ ಅಸಾಧ್ಯವಾಗಿ ಅದು ನರಭಕ್ಷಕವಾಯಿತೆಂದೂ ಕಾರ್ಬೆಟ್ 1944ರ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಆ ಗುಂಡನ್ನು ಹೊಡೆದವನ ಹೆಸರು ಚರಿತ್ರೆಗೆ ಸೇರಲಿಲ್ಲ. ಒಂದು ಕೆಟ್ಟ ಹೊಡೆತದ ಬೆಲೆಯನ್ನು ತೆತ್ತವರು ನೇಪಾಳದ ಹಾಗೂ ಕುಮಾವೂ ಬೆಟ್ಟಗಳ ಹಳ್ಳಿಗಳ ಜನ. ಕಾಡಿಗೆ ಸೊಪ್ಪು, ಸೌದೆಗಳಿಗೆಂದು ಹೋದ ಹೆಂಗಸರು ಅವರಲ್ಲಿ ಅನೇಕರು.

ಕೆನೆತ್ ಆಂಡರ್ಸನ್ ಬೆಂಗಳೂರಿನಲ್ಲಿ ನೆಲೆಸಿ ನಮ್ಮ ಸುತ್ತಣ ಕಾಡುಗಳ ನರಭಕ್ಷಕಗಳ ಕಥೆಗಳನ್ನು ಬರೆದ. ಪೂರ್ಣಚಂದ್ರ ತೇಜಸ್ವಿಯವರ ಭಾವಾನುವಾದಗಳ ಮೂಲಕ ಆ ಕಥೆಗಳು ಕನ್ನಡದ್ದೇ ಆದವು. ಮೈಸೂರು ಸಂಸ್ಥಾನದ ಆನೆ ಹಿಡಿಯುವ ಕಾರ್ಯದ ಮುಖ್ಯಸ್ಥನಾಗಿದ್ದ ಸ್ಯಾಂಡರ್ಸನ್ 1878ರ ತನ್ನ ಗ್ರಂಥದಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಜಾಡು ಹಿಡಿಯುವ ಜಾಣ್ಮೆಯನ್ನು ಉಲ್ಲೇಖಿಸಿದ್ದಾನೆ. ಗಾಯಗೊಂಡ ಪ್ರಾಣಿಯ ಬೆನ್ನುಹತ್ತಿ ಮುಂದೆ ನಡೆಯಬೇಕಾದವರು ಇಂಥ ಜಾಡುಗಾರರೇ. ಸಾಹೇಬನ ರೈಫಲಿನ ತಿರುಪು ಸಡಿಲವಾಗಿದ್ದರೆ ಅಪಾಯ ಮೊದಲು ಎದುರಾಗುತ್ತಿದ್ದುದು ಬರಿಗೈಯಲ್ಲಿ ಮುಂದಿರುವವನಿಗೆ. ನಿಖರತೆಯ ಚರಿತ್ರೆಯನ್ನು ಬರೆಯುವಾಗ ಈ ಅಂಶವನ್ನು ಬಿಡಲಾಗದು ಎಂಬುದು ನಮ್ಮ ಅಭಿಪ್ರಾಯ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಾಗೂ ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿಯಿಂದ ಭಾರತದಲ್ಲಿ ಮನರಂಜನೆಯ ಬೇಟೆ ಮುಗಿದ ಅಧ್ಯಾಯವಾಯಿತು. ಆದರೆ ಸಮಸ್ಯೆ ಮುಗಿಯಲಿಲ್ಲ. ಊರಿಗೆ ನುಗ್ಗಿದ ಆನೆ, ಹುಲಿಗಳನ್ನು ಹಿಡಿಯಲು ಅರಣ್ಯ ಇಲಾಖೆಯವರು ಬಳಸುವ ಅರಿವಳಿಕೆಯ ಬಂದೂಕಿನಲ್ಲಿ ಮದ್ದಿನ ಬದಲು ಒತ್ತಿಟ್ಟ ಅನಿಲವಿರುತ್ತದೆ. ದೂರಕ್ಕೆ ತಕ್ಕಂತೆ ಅನಿಲದ ಒತ್ತಡವನ್ನು ಹೊಂದಿಸಬೇಕು. ಚುಚ್ಚುಸೂಜಿ ಗುಂಡಿಗಿಂತ ಬಹಳ ನಿಧಾನವಾಗಿ ಸಾಗುವುದರಿಂದ ದೂರದ ಅಂದಾಜು ತಪ್ಪಿದರೆ ಅದು ಬಹುಬೇಗ ಕೆಳಗೆ ಬೀಳುತ್ತದೆ. ಒತ್ತಡ ಹೆಚ್ಚಾದರೆ ಪ್ರಾಣಿಗೆ ಪೆಟ್ಟಾಗುತ್ತದೆ. ಫೋರ್ಸೈತ್ ಮಧ್ಯಪ್ರಾಂತದ ಕಾಡಿನಲ್ಲಿ ಎದುರಿಸಿದ ಪ್ರಶ್ನೆ ಇಂದು ಹಾಸನ, ಕೊಡಗುಗಳ ಕಾಫಿತೋಟದ ಅಂಚಿನಲ್ಲಿ, ಕೊಲ್ಲುವುದಕ್ಕೆ ಬದಲಾಗಿ ಉಳಿಸುವುದಕ್ಕಾಗಿ, ಮತ್ತೆ ಎದುರಾಗಿದೆ.

9

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ರೈಫಲಿನ ನಿಖರತೆ ಹೊಸ ಹೊಸ ಶೋಧಗಳಿಂದ ಬಂದಷ್ಟೇ ದೋಷದ ಕಾರಣಗಳನ್ನು ಒಂದರಿಂದೊಂದು ಬೇರ್ಪಡಿಸಿದುದರಿಂದಲೂ ಬಂತು. ರಾಬಿನ್ಸನ ಕಾಗದದ ಪರದೆ, ವಿಟ್‌ವರ್ತನ ಯಾಂತ್ರಿಕ ಆಸರೆ, ಫೋರ್ಸೈತನ ನಿಧಾನದ ಸುತ್ತು, ಮ್ಯಾನನ ಕಾಂಕ್ರೀಟು ಪೀಠ ಒಂದೇ ಬಗೆಯ ವಿವೇಕದ ನಾಲ್ಕು ರೂಪಗಳು. ಎರಡನೆಯದಾಗಿ, ಈ ವಿವೇಕದ ಅಭಾವಕ್ಕೆ ಬೆಲೆ ತೆತ್ತವರು ಬಹುಮಟ್ಟಿಗೆ ಕೋವಿ ಹಿಡಿದವರಲ್ಲ.

ಕನ್ನಡ ನಾಡಿನ ಕಾಡುಗಳಲ್ಲಿ ಬೇಟೆಯಾಡಿದವರ ಟಿಪ್ಪಣಿಗಳು ರಾಜ್ಯದ ಹೊರಗೆಯೇ ಹೆಚ್ಚಾಗಿ ಉಳಿದಿವೆ. 1886ರಿಂದ ಪ್ರಕಟವಾಗುತ್ತಿರುವ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯ ಹಳೆಯ ಸಂಪುಟಗಳು, ಚೆನ್ನೈ ಮತ್ತು ದೆಹಲಿಯ ದಾಖಲಾಗಾರಗಳ ಅರಣ್ಯ ಹಾಗೂ ಆಯುಧಪರವಾನಗಿ ಸಂಬಂಧವಾದ ಕಡತಗಳು ಈ ದೃಷ್ಟಿಯಿಂದ ಪರಿಶೀಲನಾರ್ಹ. ಅಲ್ಲಲ್ಲಿ ನೆಲೆಸಿರುವ ಸಂಶೋಧಕರು ಅವುಗಳನ್ನು ಓದುವಾಗ ಬೇಟೆಯ ಸಂಖ್ಯೆಗಳ ಜೊತೆಗೆ, ತಪ್ಪಿದ ಹೊಡೆತಗಳಿಗೆ ಕೊಟ್ಟ ಕಾರಣಗಳನ್ನೂ, ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿಗಳ ಉಲ್ಲೇಖವನ್ನೂ, ಜೊತೆಗಿದ್ದ ಜಾಡುಗಾರರ ಊರು, ಪಂಗಡಗಳನ್ನೂ ಗುರುತಿಸಿಟ್ಟರೆ ಉಪಕಾರವಾಗುತ್ತದೆ. ಹಾಗೆಯೇ ಕೋವಿಗೆ ಸಂಬಂಧಿಸಿದ ಗಜ, ಕುದುರೆ, ಕೇಪು, ಚರೆ, ತೋಟಾ ಮೊದಲಾದ ಮಾತುಗಳನ್ನು ಬಳಸಿ ಬಲ್ಲ ಹಿರಿಯರು ಇರುವಾಗಲೇ ಅವುಗಳ ಅರ್ಥಗಳನ್ನೂ ಪ್ರಾದೇಶಿಕ ಭೇದಗಳನ್ನೂ ಸಂಗ್ರಹಿಸುವುದು ಅಗತ್ಯ. ಬೇಟೆ ನಿಂತುಹೋದ ನಾಡಿನಲ್ಲಿ ಈ ಪದಗಳನ್ನು ದಾಖಲಿಸಲು ಉಳಿದಿರುವ ಕಾಲ ಹೆಚ್ಚಿಲ್ಲ.